ಮೊರದ ಮೇಲಿನ ಮೆಣಸಿನಕಾಯಿ

ಅಕ್ಕಿ ಆರಿಸುತ್ತ ಕೂತಾಗ ಯಾರಾದರೂ ಕರೆದರೆ ನಾನು ಮೊರದ ಮೇಲೆ ಒಂದು ಒಣಮೆಣಸಿನಕಾಯಿ ಇಟ್ಟು ಏಳುತ್ತೇನೆ. ನೀವು ಅದನ್ನು ದೃಷ್ಟಿಗೆ ಇಟ್ಟದ್ದೆಂದುಕೊಂಡು ನಗುತ್ತೀರಿ. ದೃಷ್ಟಿಗಲ್ಲ. ಈಗಿನ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ, ಆರಿಸುವ ಅಗತ್ಯವೂ ಇಲ್ಲ. ಆದರೂ ಕೈ ಆ ಅಭ್ಯಾಸ ಬಿಡುವುದಿಲ್ಲ. ಹೋದ ಸಲ ನೀವೆಲ್ಲ ವಿಮಾನದಲ್ಲಿ ಬಂದಿದ್ದಾಗ ನಿಮ್ಮಲ್ಲೊಬ್ಬಳು ಕೇಳಿದಳು: "ಅಜ್ಜ ವಿಮಾನ ರಿಪೇರಿ ಮಾಡ್ತಿದ್ರಲ್ಲ ಅಜ್ಜಿ, ಯಾವತ್ತೂ ತಪ್ಪಾಗಿರಲಿಲ್ವಾ?" ನಾನು ಕಾಫಿ ಬೇಕೇ ಎಂದು ಮಾತು ತಿರುಗಿಸಿದೆ. ಎದುರು ಕೂತು ಹೇಳುವಷ್ಟು ಮಾತು ನನಗೆ ಎಂದೂ ಬರಲಿಲ್ಲ. ಬರೆದು ಹೇಳುತ್ತೇನೆ. ಮೆಣಸಿನಕಾಯಿಯ ಕಥೆಯೂ ವಿಮಾನದ ಕಥೆಯೂ ಒಂದೇ.

ನಾನು ಸೊರಬದವಳು. ಊರ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತು ಶಿಕಾರಿಪುರದ ಮನೆಗೆ ಸೊಸೆಯಾಗಿ ಬಂದೆ. ಐವತ್ತರ ದಶಕದ ಕೊನೆಯ ವರ್ಷಗಳು. ಆ ಮನೆಯಲ್ಲಿ ಇದ್ದವರು ಅತ್ತೆ, ನಿಮ್ಮ ಅಜ್ಜನ ಅಣ್ಣ, ಅವರ ಹೆಂಡತಿ ಮತ್ತು ನಾನು. ಅಜ್ಜನ ಅಣ್ಣ ನನಗೆ ಭಾವ, ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಕೆರೆಯ ಕೆಳಗೆ ಸ್ವಲ್ಪ ಗದ್ದೆ ಇತ್ತು. ಅದರ ಜೊತೆಗೆ ಭಾವನದೇ ಒಂದು ಬಸ್ಸು ಇತ್ತು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ ಬರುತ್ತಿತ್ತು. ಅದನ್ನು ಓಡಿಸುವವರೂ ಭಾವನೇ. ನಿಮ್ಮ ಅಜ್ಜ ಮಾತ್ರ ಮದರಾಸಿನಲ್ಲಿ. ಅಲ್ಲಿ ಒಂದು ವಿಮಾನದ ಕಂಪನಿಯಲ್ಲಿ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ. ಮನೆ ಸಿಕ್ಕ ಮೇಲೆ ನನ್ನನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಮನೆ ಸಿಕ್ಕಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಡಿಗೆಮನೆಗೆ ಅತ್ತೆಯ ಒಂದು ಕಟ್ಟಳೆ ಇತ್ತು. ಮೂವರು ಹೆಂಗಸರ ಕೈಯಲ್ಲಿ ಕೆಲಸ ಅದಲುಬದಲಾಗುವ ಮನೆ; ಯಾರು ಎಲ್ಲಿ ಬಿಟ್ಟರು ಎಂದು ಇನ್ನೊಬ್ಬರಿಗೆ ತಿಳಿಯಬೇಕು. ಅಕ್ಕಿಯನ್ನು ಅರ್ಧ ಆರಿಸಿ ಎದ್ದರೆ ಮೊರದ ಮೇಲೆ ಒಂದು ಒಣಮೆಣಸಿನಕಾಯಿ ಇಡಬೇಕು. ಮೆಣಸಿನಕಾಯಿ ಇದ್ದರೆ ಆ ಅಕ್ಕಿ ಎಸರಿಗೆ ಹೋಗಬಾರದು. ಇಷ್ಟೇ. ಬಿಳಿ ಅಕ್ಕಿಯ ಮೇಲೆ ಕೆಂಪು ಎಷ್ಟು ದೂರದಿಂದಲೂ ಕಾಣುತ್ತಿತ್ತು.

ಆ ವರ್ಷ ದಸರೆ ಕಳೆದು ಸ್ವಲ್ಪ ದಿನಕ್ಕೆ ನಿಮ್ಮ ಅಜ್ಜ ಹೇಳದೆ ಕೇಳದೆ ಬಂದಿಳಿದರು. ಶಿವಮೊಗ್ಗೆಯ ಬಸ್ಸಿನ ತಲೆಯ ಮೇಲಿಂದ ಅವರ ಕಬ್ಬಿಣದ ಟ್ರಂಕು ಇಳಿಯಿತು. ಅತ್ತೆ ಜಗಲಿಯಲ್ಲಿ ನಿಂತಿದ್ದರು. ಮಗನ ಮುಖಕ್ಕಿಂತ ಮೊದಲು ಟ್ರಂಕು ನೋಡಿದರು.

"ಬಂದೇನಪ್ಪಾ? ಪೆಟ್ಟಿಗೀನೂ ತಂದೀಯಲ್ಲ?"

"ರಜೆ ಐತವ್ವ."

"ರಜೆಗೆ ಬರೋರು ಚೀಲ ತರ್ತಾರಪ್ಪ. ಪೆಟ್ಟಿಗೆ ತರಾಂಗಿಲ್ಲ," ಎಂದರು ಅತ್ತೆ. ಕಾಲಿಗೆ ನೀರು ಕೊಡು ಎಂದು ನನ್ನ ಕಡೆ ತಿರುಗಿದರು.

ಮಾರನೆಯ ದಿನ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಹಂಡೆಯ ಒಲೆಗೆ ಕಟ್ಟಿಗೆ ದೂಡುತ್ತಿದ್ದೆ. ಅವರು ಬಂದು ತುಳಸಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕೂತರು. ನಾನು ಪ್ರಶ್ನೆ ಕೇಳದವಳೆಂದೇ ಇರಬೇಕು, ನನಗೆ ಹೇಳಿದರು. ಒಲೆಯ ಕಡೆ ನೋಡುತ್ತ ಹೇಳಿದರು.

ಅವರ ಶೆಡ್ಡಿನಲ್ಲೂ ಆಯುಧಪೂಜೆ ದೊಡ್ಡದಾಗಿ ಮಾಡುತ್ತಿದ್ದರಂತೆ. ಆ ದಿನ ಅವರು ಒಂದು ವಿಮಾನದ ಎಂಜಿನ್ನಿನ ಹಳೆಯ ಎಣ್ಣೆ ಇಳಿಸಿ ಹೊಸದು ತುಂಬಿದ್ದರು. ಎಣ್ಣೆ ಇಳಿಯುವ ಬಾಯಿಗೆ ಒಂದು ಬಿರಟೆ. ಅದನ್ನು ಪಾನಾದಿಂದ ಬಿಗಿದು, ಆಮೇಲೆ ಸಡಿಲವಾಗದ ಹಾಗೆ ಸಣ್ಣ ತಂತಿಯಿಂದ ಹೆಣೆದು ಕಟ್ಟಬೇಕು. ಅವರು ಕೈಯಿಂದ ತಿರುಗಿಸಿ ಕೂರಿಸಿದ್ದರಷ್ಟೇ. ಅಷ್ಟರಲ್ಲಿ ಪೂಜೆಗೆ ಹೊತ್ತಾಯಿತು, ಹತಾರವೆಲ್ಲ ದೇವರ ಮುಂದೆ ಬರಲಿ ಎಂದು ಕರೆ ಬಂತು. ಪಾನಾ, ಇಕ್ಕಳ ಎಲ್ಲ ಹೋಗಿ ದೇವಿಯ ಪಟದ ಮುಂದೆ ಕೂತವು. ನಿಮಗೆ ಗೊತ್ತಿರಲಿ, ಪೂಜೆಗಿಟ್ಟ ಹತಾರವನ್ನು ಮಾರನೆಯ ದಿನ ಪೂಜೆ ಇಳಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಕೆಲಸ ಅಲ್ಲೇ ನಿಂತಿತು. ಮುಗಿಯದ ಕೆಲಸಕ್ಕೆ ಅವರಲ್ಲೂ ಒಂದು ಗುರುತು ಇತ್ತು, ಒಂದು ತುಂಡು ಕೆಂಪು ಬಟ್ಟೆ. ಅದನ್ನು ಬಿರಟೆಯ ಹತ್ತಿರ ಕಟ್ಟಿಯೇ ಹೋದರು.

ಆಮೇಲೆ ವಿಮಾನಕ್ಕೂ ಪೂಜೆಯಾಯಿತು. ಬಾಳೆಕಂಬ ಕಟ್ಟಿದರು. ಪಂಖಕ್ಕೆ ದಾಸವಾಳದ ಹಾರ, ಎಂಜಿನ್ನಿಗೆ ಕುಂಕುಮ, ಅಲ್ಲಲ್ಲಿ ಕೆಂಪು ವಸ್ತ್ರ. ಬೆಳಿಗ್ಗೆ ಶೆಡ್ಡು ಗುಡಿಸುವ ಮುದುಕರೊಬ್ಬರು ಬಾಡಿದ ಹಾರ, ವಸ್ತ್ರ ಎಲ್ಲ ಬಿಚ್ಚಿ ಬುಟ್ಟಿಗೆ ತುಂಬಿದರು. ಅಷ್ಟು ಕೆಂಪಿನಲ್ಲಿ ಆ ಒಂದು ಕೆಂಪೂ ಹೋಯಿತು. ಅಜ್ಜ ಬಂದು ಕೆಳಗಿನಿಂದ ಕತ್ತೆತ್ತಿ ನೋಡಿದರು. ಕೆಂಪು ಇಲ್ಲ. ಬೆಳಗಿನ ಪಾಳಿಯವರು ಬೇಗ ಬಂದು ಮುಗಿಸಿರಬೇಕು ಎಂದುಕೊಂಡು, ಎಲ್ಲ ಸರಿಯಿದೆ ಎಂದು ಸಹಿ ಹಾಕಿದರು.

"ಮುಟ್ಟಿ ನೋಡ್ಲಿಲ್ಲ. ಏಣಿ ಪಕ್ಕದಾಗೇ ಇತ್ತು," ಎಂದರು.

ವಿಮಾನ ಜನ ಹತ್ತಿಸಿಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ವಾಪಸು ಬಂತು. ಎಣ್ಣೆಯೆಲ್ಲ ಸೋರಿ, ಓಡಿಸುವವರು ಆ ಕಡೆಯ ಎಂಜಿನ್ ನಿಲ್ಲಿಸಿ ಇನ್ನೊಂದರ ಮೇಲೆಯೇ ತಂದು ಇಳಿಸಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಅಜ್ಜ ಕೆಳಗೆ ನಿಂತು ನೋಡುತ್ತಿದ್ದರಂತೆ: ಒಂದು ಪಂಖ ತಿರುಗುತ್ತಿದೆ, ಇನ್ನೊಂದು ನಿಂತಿದೆ.

ವಿಚಾರಣೆ ಶುರುವಾಯಿತು. ಕೆಂಪು ಬಟ್ಟೆ ಯಾರು ತೆಗೆದದ್ದು ಎಂದು ಕೇಳಿದರೆ ಆ ಮುದುಕರು ನಾನೇ ಎಂದರು, ಅವರಿಗೆ ಮುಚ್ಚಿಡುವುದೇನಿತ್ತು? ಅವರನ್ನು ಕೆಲಸಕ್ಕೆ ಬರಬೇಡ ಎಂದರು. ಅಜ್ಜನನ್ನು ಕೇಳಿದರೆ, ನಾನು ನೋಡಿದಾಗ ಬಟ್ಟೆ ಇರಲಿಲ್ಲ ಎಂದರು. ಅದೂ ನಿಜವೇ. ಅಷ್ಟಕ್ಕೇ ನಿಲ್ಲಿಸಿದರು. ಮುಟ್ಟಿ ನೋಡಿದಿರಾ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ದೀಪಾವಳಿ ಕಳೆದ ಮೇಲೆ ಕೊನೆಯ ಸಲ ಎಲ್ಲರನ್ನೂ ಕರೆದು ಕೇಳುವುದಿತ್ತು. ಅವರು ರಜೆ ಬರೆದುಕೊಟ್ಟು ಟ್ರಂಕು ಕಟ್ಟಿಕೊಂಡು ಬಂದುಬಿಟ್ಟಿದ್ದರು.

"ನಾ ಹೋಗದಿದ್ರೆ ಅಲ್ಲಿಗೇ ಮುಗೀತತಿ. ಮುದುಕನ ಮ್ಯಾಲೆ ಹಾಕಿ ಮುಗಿಸ್ತಾರೆ. ಹೋಗಿ ಹೇಳಿದ್ರೆ ನನ್ನ ಕೆಲಸ ಹೋಗ್ತತಿ."

ನಾನು ಕಟ್ಟಿಗೆ ಮುಂದಕ್ಕೆ ದೂಡಿದೆ. ನೀರು ಕಾದಿದೆ ಎಂದೆ. ಆ ಮುದುಕರನ್ನು ನಾನು ನೋಡಿದವಳಲ್ಲ, ಆದರೆ ಅಂದಿನಿಂದ ಅವರು ನಮ್ಮ ಮನೆಯಲ್ಲಿ ಎಲ್ಲೋ ಕೂತಿರುವ ಹಾಗೆ ನನಗೆ ಅನಿಸುತ್ತಿತ್ತು.

ಭಾವನಿಗೆ ಇದೇನೂ ಗೊತ್ತಿಲ್ಲ. ತಮ್ಮ ಬಂದದ್ದೇ ಅವರಿಗೆ ಹಬ್ಬ.

"ಬಂದಿದ್ದು ಚಲೋ ಆತು ಬಿಡೋ. ಆಕಾಶದಾಗಿನ ಗಾಡಿ ಕಟ್ಟಿಕೊಂಡು ಏನ್ ಮಾಡ್ತಿ? ನಮ್ಮದು ನೆಲದ ಮ್ಯಾಲೆ ಓಡ್ತತಿ. ನಾ ಓಡಿಸ್ತೀನಿ, ನೀ ನೋಡ್ಕೋ. ಬ್ರೇಕು ಯಾಕೋ ಕಿರ್ ಅಂತತಿ, ನಾಳೆ ಒಂದೀಟು ಬಿಚ್ಚು."

"ನಾ ಮುಟ್ಟಾಂಗಿಲ್ಲ ಅಣ್ಣ."

"ಯಾಕೋ? ವಿಮಾನ ಮುಟ್ಟಿದ ಕೈಗೆ ಬಸ್ಸು ಮೈಲಿಗೆನಾ?"

ಅಜ್ಜ ನಕ್ಕರು. ಆದರೆ ಮುಟ್ಟಲಿಲ್ಲ. ಬಸ್ಸಷ್ಟೇ ಅಲ್ಲ, ಬಾವಿಯ ರಾಟೆ ಕಳಚಿಕೊಂಡರೂ ಮುಟ್ಟಲಿಲ್ಲ; ಭಾವನೇ ಹಾಕಿದರು. ಅತ್ತೆಗೆ ಒಳಗೊಳಗೆ ಸಮಾಧಾನವಾಗಿತ್ತು. ಮಗ ಊರಲ್ಲೇ ಉಳಿಯುತ್ತಾನೆ ಎಂದು ಟ್ರಂಕನ್ನು ನಡುಮನೆಯಿಂದ ಕೋಣೆಗೆ ಸರಿಸಿ, ಮೇಲೆ ಜಮಖಾನೆ ಮಡಿಚಿಟ್ಟರು. ಆ ಟ್ರಂಕಿನ ಮೇಲೆ ಏನೂ ಇಡಬಾರದೆಂದು ನನಗೆ ಅನಿಸಿತು. ಯಾಕೆಂದು ಕೇಳಿದರೆ ಹೇಳಲಾರೆ.

ದೀಪಾವಳಿ ಹತ್ತಿರ ಬಂತು. ಒಂದು ಬೆಳಿಗ್ಗೆ ನಾನು ಅಕ್ಕಿ ಆರಿಸುತ್ತಿದ್ದೆ. ಹೊಸದಾಗಿ ಕುಟ್ಟಿಸಿ ತಂದ ಅಕ್ಕಿ, ಬಿಳಿ ಕಲ್ಲು ಬಹಳ. ಕೊಟ್ಟಿಗೆಯಲ್ಲಿ ಎಮ್ಮೆಕರು ಹಗ್ಗ ಬಿಚ್ಚಿಕೊಂಡು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದೆ ಎಂದು ಅತ್ತೆ ದೇವರ ಮನೆಯಿಂದಲೇ ಕೂಗಿದರು. ನಾನು ಮೊರದ ಮೇಲೆ ಮೆಣಸಿನಕಾಯಿ ಇಟ್ಟು ಓಡಿದೆ. ಕರು ಹಿಡಿದು ಕಟ್ಟುವುದು ಸುಲಭವಾಗಲಿಲ್ಲ. ತಿರುಗಿ ಬಂದಾಗ ಮೊರ ಖಾಲಿಯಾಗಿತ್ತು, ಅನ್ನ ಕುದಿಯುತ್ತಿತ್ತು. ಅಕ್ಕ ಉಳಿದದ್ದನ್ನು ಆರಿಸಿರಬೇಕು ಎಂದುಕೊಂಡೆ.

ಊಟಕ್ಕೆ ಅಣ್ಣ ತಮ್ಮ ಕೂತರು. ಅತ್ತೆಯೂ ಆ ದಿನ ಜೊತೆಯಲ್ಲೇ ತಟ್ಟೆ ಹಾಕಿಕೊಂಡರು. ಎರಡನೆಯ ತುತ್ತಿಗೇ ಭಾವ ಕೆನ್ನೆ ಹಿಡಿದುಕೊಂಡರು.

"ಅವ್ವಾ, ಅನ್ನದಾಗೆ ಕಲ್ಲು ಹಾಕೀಯೋ, ಕಲ್ಲಿನಾಗೆ ಅನ್ನ ಹಾಕೀಯೋ?"

"ನಿನ್ನ ಹಲ್ಲೇ ಉದುರಿರಬೇಕು, ನೋಡಿಕೋ," ಎಂದ ಅತ್ತೆಯ ಬಾಯಲ್ಲೂ ಕಟ್ ಎಂದಿತು. "ಅಯ್ಯ! ಯಾರೇ ಇವತ್ತು ಅಕ್ಕಿ ಆರಿಸಿದಾಕಿ?"

"ಅರ್ಧ ಆರಿಸಿದ್ದೆ ಅತ್ತೆ. ನೀವು ಕರು ಅಂದ್ರಲ್ಲ, ಮೆಣಸಿನಕಾಯಿ ಇಟ್ಟೇ ಹೋಗಿದ್ದೆ," ಎಂದೆ.

"ಎಲ್ಲಿ ಮೆಣಸಿನಕಾಯಿ? ನಾ ಎಸರಿಗೆ ಹಾಕುವಾಗ ಇರಲಿಲ್ಲ," ಎಂದರು ಅತ್ತೆ.

ಭಾವ ಸಾರಿನೊಳಗೆ ಬೆರಳಾಡಿಸಿ, ಉಬ್ಬಿದ ಒಂದು ಮೆಣಸಿನಕಾಯಿಯನ್ನು ತೊಟ್ಟು ಹಿಡಿದು ಎತ್ತಿದರು. "ಇಲ್ಲೈತಿ ನೋಡವ್ವ ಕಳ್ಳ! ಒಗ್ಗರಣೆಯಾಗೆ ಕುಂತಾನೆ!"

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಎಣ್ಣೆ ಹೊಗೆಯಾಡ್ತಿತ್ತು ಅತ್ತಿ. ಡಬ್ಬಿ ಅಟ್ಟದ ಮ್ಯಾಲೆ. ಕೈಗೆ ಒಂದು ಸಿಕ್ತು, ಹಾಕಿಬಿಟ್ಟೆ. ಅದು ಗುರುತಿಂದು ಅಂತ ಆ ಗಳಿಗೇಲಿ ನೆಪ್ಪೇ ಆಗ್ಲಿಲ್ಲ."

ಎಲ್ಲರೂ ನಕ್ಕರು. ಅಜ್ಜ ಮಾತ್ರ ನಗಲಿಲ್ಲ. ತಟ್ಟೆಯಲ್ಲಿ ಕೈ ಹಾಗೇ ನಿಂತಿತ್ತು.

"ಹಂಗಾದ್ರೆ ಇದು ಯಾರ ತಪ್ಪವ್ವ? ಅತ್ತಿಗೇದಾ?"

"ಅಕೀದೇನು ತಪ್ಪೋ? ಒಗ್ಗರಣೆಗೆ ಮೆಣಸಿನಕಾಯಿ ಹಾಕೋದೂ ತಪ್ಪೇನು? ಎಸರಿಗೆ ಹಾಕಿದಾಕಿ ನಾನು. ಒಂದ್ಸಲ ಕೈಯಾಡಿಸಿದ್ರೆ ಕಲ್ಲು ಕೈಗೆ ಹತ್ತುತಿತ್ತು." ಅತ್ತೆ ಅನ್ನದಿಂದ ಇನ್ನೊಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. "ಮೆಣಸಿನಕಾಯಿ ಇಲ್ಲ ಅಂದ್ರೆ ಮೆಣಸಿನಕಾಯಿ ಇಲ್ಲ ಅಂತ ಅಷ್ಟೆ. ಕಲ್ಲಿಲ್ಲ ಅಂತಲ್ಲ. ಉಣ್ರಿ, ನೋಡಿಕೊಂಡು ಉಣ್ರಿ."

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅತ್ತೆ ಏನು ಹೇಳಿದರೆಂದು ಅತ್ತೆಗೆ ಗೊತ್ತಿರಲಿಲ್ಲ. ಅಜ್ಜ ತಲೆ ಎತ್ತಲಿಲ್ಲ. ಅನ್ನ ಬಿಡದೆ, ಒಂದೊಂದೇ ಕಲ್ಲು ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತ, ಪೂರ್ತಿ ಉಂಡರು.

ಹಬ್ಬಕ್ಕೆ ಅಳಿಯ ಮಗಳನ್ನು ಸೊರಬಕ್ಕೆ ಕಳಿಸಿ ಎಂದು ನಮ್ಮ ಅಪ್ಪಯ್ಯ ಹೇಳಿ ಕಳಿಸಿದ್ದರು. ಭಾವನ ಬಸ್ಸಿನಲ್ಲೇ ಹೊರಟೆವು. ಹಬ್ಬದ ಗದ್ದಲ. ಬಸ್ಸು ಆಗಲೇ ತುಂಬಿ, ಬಾಳೆಗೊನೆ, ಮಣ್ಣಿನ ಹಣತೆಯ ಬುಟ್ಟಿ, ಕಟ್ಟಿದ ಕೋಳಿ ಎಲ್ಲ ಒಳಗೇ ಇದ್ದವು. ನಾನು ಮುಂದೆ ಹೆಂಗಸರ ಸೀಟಿನಲ್ಲಿ, ತೊಗರ್ಸಿಯ ಒಬ್ಬ ಅಜ್ಜಿಯ ಪಕ್ಕ ಕೂತೆ. ಭಾವ ಹ್ಯಾಂಡಲ್ ತಿರುಗಿಸಿ ಎಂಜಿನ್ ಹೊರಡಿಸಿದರು. ಆದರೆ ಅಜ್ಜ ಹತ್ತಲಿಲ್ಲ.

ಕಿಟಕಿಯಿಂದ ಬಗ್ಗಿ ನೋಡಿದೆ. ಅವರು ಮುಂದಿನ ಗಾಲಿಯ ಹತ್ತಿರ ಕೂತು ಒಂದೊಂದು ನಟ್ಟನ್ನೂ ಬೆರಳಿನಿಂದ ಹಿಡಿದು ನೋಡುತ್ತಿದ್ದರು. ಅದು ಮುಗಿದ ಮೇಲೆ ಹಿಂದಿನ ಗಾಲಿಗೆ ಹೋದರು. ಭಾವ ಇಳಿದು ಬಂದರು.

"ನಿನ್ನೆ ನಾನೇ ಬಿಗಿ ಮಾಡೀನೋ."

"ಮಾಡಿರ್ತಿ ಅಣ್ಣ. ನಾ ಮುಟ್ಟಿಲ್ಲ. ಪಾನಾ ಕೊಡು."

ಭಾವ ತಮ್ಮನ ಮುಖ ನೋಡಿದರು. ಪಾನಾ ಕೊಟ್ಟರು. ಬಸ್ಸಿನಲ್ಲಿ ಗುಜುಗುಜು ಶುರುವಾಯಿತು.

"ಏನ್ರೀ ಡ್ರೈವರ್ರೇ, ಮುಹೂರ್ತ ನೋಡ್ತೀರಾ ಏನು?"

"ನಿಮ್ಮ ತಮ್ಮನೋರು ವಿಮಾನದೋರಂತಲ್ಲ, ರೆಕ್ಕೆ ಹಚ್ಚಾಕ್ ಹತ್ತಾರೇನ್ ನೋಡ್ರೀ."

"ಹಾರಿಸಿದ್ರೆ ಚಾರ್ಜು ಜಾಸ್ತಿ ಕೇಳಬ್ಯಾಡ್ರಪ್ಪ ಮತ್ತೆ!"

ನನ್ನ ಪಕ್ಕದ ಅಜ್ಜಿ ಮೊಣಕೈಯಿಂದ ತಿವಿದರು. "ನಿನ್ನ ಗಂಡನೇನೇ ತಂಗಿ? ನಿಮ್ಮ ಅಪ್ಪನ ಮನೆಗೆ ಹೋಗಾಕೆ ಮನಸಿಲ್ಲೇನು?"

ನಾನು ತಲೆ ತಗ್ಗಿಸಿದೆ. ನಾಚಿಕೆಯಿಂದಲ್ಲ. ಕಣ್ಣಲ್ಲಿ ನೀರು ಬಂದಿತ್ತು. ಎಷ್ಟೋ ದಿನಗಳ ಮೇಲೆ ಆ ಕೈ ಕಬ್ಬಿಣ ಮುಟ್ಟಿತ್ತು.

ಎಲ್ಲ ಗಾಲಿ ಸುತ್ತಿ ಬಂದು, ಕೈ ಒರೆಸಿಕೊಂಡು ಹತ್ತಿದರು. "ಎಲ್ಲ ಸರಿ ಐತಿ ಅಣ್ಣ. ಬಿಡು."

"ಸರಿ ಇದ್ದಿದ್ದು ಯಾಕ್ರೀ ಮುಟ್ಟಾಕ್ ಹೋದ್ರಿ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಸರಿ ಐತಿ ಅಂತ ಹೇಳಾಕೆ," ಎಂದರು ಅಜ್ಜ. ಬಸ್ಸಿಗೆ ಬಸ್ಸೇ ನಕ್ಕಿತು. ಅವರೂ ಒಂದು ಚೂರು ನಕ್ಕರು.

ಸೊರಬದ ಮನೆಯಲ್ಲಿ ಎಣ್ಣೆ ಸ್ನಾನ, ಹೋಳಿಗೆ, ಅಪ್ಪಯ್ಯನ ಉಪಚಾರ ಎಲ್ಲ ಆಯಿತು. "ನಮ್ಮ ಅಳಿಯಂದಿರು ಮೋಡದ ಮೇಲಿನವರು, ನಮ್ಮ ಚಾಪೆ ಮೇಲೆ ಕೂರ್ತಾರೋ ಇಲ್ಲೋ" ಎಂದು ಅಪ್ಪಯ್ಯ ತಮಾಷೆ ಮಾಡಿದರು. ಸಂಜೆ ನಾನು ಅಂಗಳದ ಕಟ್ಟೆಯ ಮೇಲೆ ಹಣತೆ ಹಚ್ಚುತ್ತಿದ್ದೆ. ಅಜ್ಜ ಬಂದು ಪಕ್ಕದಲ್ಲಿ ನಿಂತರು. ಒಂದು ಹಣತೆಗೆ ಎಣ್ಣೆ ಕಡಿಮೆಯಾಗಿತ್ತು, ಅದಕ್ಕೆ ಹಾಕಿದರು.

"ಏನ್ ಮಾಡ್ಲೇ?" ಎಂದರು.

ಮದುವೆಯಾದ ಮೇಲೆ ಅವರು ನನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು. ಹೋಗಿ ಎನ್ನಲು ನನಗೆ ಧೈರ್ಯ ಸಾಲದು. ಕೆಲಸ ಹೋದರೆ ಮದರಾಸೂ ಇಲ್ಲ, ನನ್ನದೆನ್ನುವ ಒಂದು ಅಡಿಗೆಮನೆಯೂ ಇಲ್ಲ. ಉಳಿಯಿರಿ ಎಂದರೆ ಅವರು ಉಳಿಯುತ್ತಾರೆ, ಅದೂ ಗೊತ್ತಿತ್ತು. ನಾನು ಬತ್ತಿ ಸರಿಮಾಡುತ್ತ ಹೇಳಿದೆ:

"ಆ ಮುದುಕರ ಮನೇಲಿ ಇವತ್ತು ದೀಪ ಹಚ್ಚಿದ್ರೋ ಇಲ್ಲೋ."

ಅವರು ಹಣತೆಗಳ ಸಾಲು ಮುಗಿಯುವವರೆಗೆ ಎಣ್ಣೆಯ ಗಿಂಡಿ ಹಿಡಿದುಕೊಂಡು ನನ್ನ ಹಿಂದೆಯೇ ಬಂದರು.

ಬೆಳಿಗ್ಗೆ ಸಾಗರದ ಬಸ್ಸು ಹತ್ತಿದರು, ಅಲ್ಲಿಂದ ರೈಲು. ಉಟ್ಟ ಪಂಚೆ, ಅಪ್ಪಯ್ಯ ಕೊಟ್ಟ ಹಬ್ಬದ ಅಂಗಿ, ಒಂದು ಚೀಲ. "ಪೆಟ್ಟಿಗೆ ಅಲ್ಲೇ ಇರ್ಲಿ. ಕೆಲಸದಿಂದ ಕಳಿಸಿಬಿಟ್ರೆ ಮತ್ತೆ ಹೊತ್ತು ತರೋದು ಯಾಕೆ," ಎಂದರು.

ನಾನು ಶಿಕಾರಿಪುರಕ್ಕೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅಷ್ಟು ಉದ್ದದ ಮಾತನ್ನು ನಾನು ಅವರೊಂದಿಗೆ ಆಡಿದ್ದು ಅದೇ ಮೊದಲು. ಅತ್ತೆ ಕಣ್ಣು ಪಿಳುಕಿಸದೆ ಕೇಳಿದರು. ಕೊನೆಗೆ, "ನಾ ಸುಮ್ನೆ ಅನ್ನದಾಗಿನ ಕಲ್ಲಿನ ಮಾತು ಆಡಿದ್ದೆ ಕಣೇ," ಎಂದರು. ಆಮೇಲೆ ಎಷ್ಟೋ ದಿನ, ಮೆಣಸಿನಕಾಯಿ ಇರಲಿ ಬಿಡಲಿ, ಎಸರಿಗೆ ಹಾಕುವ ಮೊದಲು ಅಕ್ಕಿಯಲ್ಲಿ ಕೈಯಾಡಿಸುತ್ತ ಅವರು ಸುಮ್ಮನೆ ನಿಂತುಬಿಡುವುದನ್ನು ನೋಡುತ್ತಿದ್ದೆ. ಮದರಾಸಿನಿಂದ ಚೆನ್ನಾಗಿದ್ದೇನೆ ಎಂಬಷ್ಟು ಬಿಟ್ಟು ಬೇರೆ ಸುದ್ದಿ ಬರಲಿಲ್ಲ. ಕೋಣೆಯಲ್ಲಿ ಟ್ರಂಕು ಇತ್ತು. ಜಮಖಾನೆಯನ್ನು ಅತ್ತೆಯೇ ಅದರ ಮೇಲಿಂದ ತೆಗೆದಿದ್ದರು.

ಯುಗಾದಿಯ ಹಿಂದಿನ ದಿನ ಶಿವಮೊಗ್ಗೆಯ ಬಸ್ಸು ನಿಂತಿತು. ಅತ್ತೆ ಜಗಲಿಯಲ್ಲೇ ಇದ್ದರು. ಅಜ್ಜ ಇಳಿದರು. ಅತ್ತೆ ಬಸ್ಸಿನ ತಲೆಯ ಮೇಲೆ ನೋಡಿದರು, ಮಗನ ಕೈ ನೋಡಿದರು. ಕೈಯಲ್ಲಿ ಬರೀ ಒಂದು ಬಟ್ಟೆಯ ಚೀಲ.

"ಚೀಲ ತಂದಾನೆ," ಎಂದು ಒಳಗೆ ಮುಖ ಮಾಡಿ ಕೂಗಿದರು, "ಒಂದು ಪಾವು ಜಾಸ್ತಿ ಹಾಕ್ರೇ!"

ಉಣ್ಣುವಾಗ ಅಜ್ಜ ಹೇಳಿದರು. ಹೋದವರೇ, ಏಣಿ ಪಕ್ಕದಲ್ಲಿದ್ದೂ ಹತ್ತಲಿಲ್ಲ, ಮುಟ್ಟದೆ ಸಹಿ ಹಾಕಿದೆ, ಬಟ್ಟೆ ತೆಗೆದವರದು ತಪ್ಪಲ್ಲ ಎಂದರಂತೆ. ಕೆಲಸದಿಂದ ತೆಗೆಯಲಿಲ್ಲ. ಸಹಿ ಹಾಕುವ ಹಕ್ಕು ಕಿತ್ತುಕೊಂಡು, ಅವರಿಗಿಂತ ಚಿಕ್ಕವರ ಕೈಕೆಳಗೆ ಹಾಕಿದರು. ಮುಂದೆ ನೋಡೋಣ ಎಂದರು. ಮುದುಕರು ಮತ್ತೆ ಪೊರಕೆ ಹಿಡಿದು ಬಂದಿದ್ದರು. ಗುರುತಿನ ಬಟ್ಟೆಯ ಬಣ್ಣ ಬದಲಿಸಬೇಕು ಎಂದು ಮಾತು ಬಂತಂತೆ.

"ಹಳದಿ ಮಾಡ್ರಿ," ಎಂದರು ಭಾವ.

"ಚೆಂಡುಹೂವು ಯಾವ ಬಣ್ಣ ಅಣ್ಣ?"

"ಹೌದಲ್ಲೋ! ಹಸಿರು?"

"ಬಾಳೆಎಲೆ."

"ದೇವರಿಗೆ ಒಂದು ಬಣ್ಣನಾರೂ ಬಿಡಬಾರ್ದಾಗಿತ್ತೇನೋ!" ಎಂದು ಭಾವ ನಕ್ಕರು. ಕೊನೆಗೆ ಬಟ್ಟೆ ಬೇಡವೆಂದು ತಗಡಿನ ಬಿಲ್ಲೆ ಮಾಡಿದರಂತೆ. ಅದರ ಜೊತೆಗೆ, ಸಹಿ ಹಾಕುವವನು ಕೈಯಿಂದ ಮುಟ್ಟಿಯೇ ಹಾಕಬೇಕೆಂದೂ ಆಯಿತು.

"ಹಂಗಾದ್ರೆ ಈಗ ಯಾಕೆ ಬಂದಿ? ಹಬ್ಬಕ್ಕಾ?" ಎಂದು ಅತ್ತೆ ಕೇಳಿದರು.

"ಪೆಟ್ಟಿಗೆ ಒಯ್ಯಾಕೆ ಬಂದೆ ಅವ್ವ. ಒಂದು ಕೋಣೆ, ಒಂದು ಅಡಿಗೆಮನೆ ಸಿಕ್ಕೈತಿ." ನನ್ನ ಕಡೆ ನೋಡಲಿಲ್ಲ, ಮಜ್ಜಿಗೆಗೆ ಕೈಯೊಡ್ಡಿದರು. "ಅದರಾಗೆ ಸೀರೆಗೂ ಜಾಗ ಐತೇನು ನೋಡ್ರಿ."

ಅಕ್ಕ ನನ್ನನ್ನು ಹಿಂದಿನಿಂದ ಜೋರಾಗಿ ಚಿವುಟಿದರು.

ಟ್ರಂಕು ತುಂಬಿದವರು ಅತ್ತೆ. ನನ್ನ ಸೀರೆಗಳ ನಡುವೆ ಹುಣಸೆಹಣ್ಣು, ಹಪ್ಪಳ, ವಿಭೂತಿಯ ಗಟ್ಟಿ. ಎಲ್ಲ ಆದ ಮೇಲೆ ಒಂದು ಗಂಟು ಬ್ಯಾಡಗಿ ಮೆಣಸಿನಕಾಯಿ ತಂದು ಒಂದು ಮೂಲೆಗೆ ಒತ್ತಿದರು.

"ಅಲ್ಲಿ ನೀನೊಬ್ಬಳೇ ಆರಿಸೋಕಿ, ನೀನೇ ಎಸರಿಗೆ ಹಾಕೋಕಿ," ಎಂದರು. "ಆದ್ರೂ ಇಡು."